ದೇವರಿಲ್ಲದ ಜಾಗ

ಬಸ್ಸಿನ ಬ್ರೇಕು ಕೈಕೊಡಬಹುದಿತ್ತು. ನಂಜನಗೂಡು ದಾಟುವಾಗ ಟೈರು ಸಿಡಿಯಬಹುದಿತ್ತು. ಬೆಳಗಿನ ಜಾವ ಕಟ್ಟಿಸಿಕೊಂಡ ಪುಳಿಯೋಗರೆ ಹಳಸಿ ಎಲ್ಲರಿಗೂ ಒಟ್ಟಿಗೇ ವಾಂತಿ ಶುರುವಾಗಬಹುದಿತ್ತು. (ಪುಳಿಯೋಗರೆ ಅಷ್ಟು ಸುಲಭಕ್ಕೆ ಹಳಸುವುದಿಲ್ಲ ಎಂದು ನಮ್ಮಮ್ಮ ಹೇಳಿದ್ದರು. ಆದರೆ ನಮ್ಮಮ್ಮ ಹೇಳಿದ್ದು ಎಷ್ಟು ಸಲ ಸರಿಯಾಗಿದೆ?) ಯಾರೋ ಎಲ್ಲೋ ಬಂದ್‌ಗೆ ಕರೆ ಕೊಟ್ಟು ನಮ್ಮ ಬಸ್ಸಿಗೇ ಕಲ್ಲು ಬೀಳಬಹುದಿತ್ತು. ಜನಜಂಗುಳಿಯಲ್ಲಿ ಹುಡುಗಿಯೊಬ್ಬಳು ತಪ್ಪಿಸಿಕೊಂಡು, ಅವಳಪ್ಪ ಮಚ್ಚು ಹಿಡಿದು ನಮ್ಮನೆ ಬಾಗಿಲಿಗೆ ಬರಬಹುದಿತ್ತು. ದೊಡ್ಡ ಚಕ್ರ ತುದಿಗೆ ಹೋದಾಗ ಕರೆಂಟು ಹೋಗಬಹುದಿತ್ತು. ಮೇಡಂ ಅವರ ಕಬ್ಬಿಣದ ಬೂಟಿನ ಸ್ಕ್ರೂ ಸಡಿಲವಾಗಿ ದಾರಿ ಮಧ್ಯೆ ಕಳಚಿಕೊಳ್ಳಬಹುದಿತ್ತು. ಅದಕ್ಕೆಂದೇ ನಾನು ಜೇಬಿನಲ್ಲಿ ಸ್ಕ್ರೂಡ್ರೈವರ್ ಇಟ್ಟುಕೊಂಡಿದ್ದೆ. ಅದು ತೊಡೆಗೆ ಚುಚ್ಚಿ ಸೆಪ್ಟಿಕ್ ಆಗಬಹುದಿತ್ತು.

ಇವುಗಳಲ್ಲಿ ಒಂದೂ ಆಗಲಿಲ್ಲ. ಆದದ್ದು ತೀರಾ ಸಣ್ಣ ವಿಷಯ. ಒಬ್ಬರು ಚಪ್ಪಲಿ ಬಿಟ್ಟರು.

ಇದೆಲ್ಲ ಈಗ ನೆನಪಾಗಲು ಕಾರಣ ಒಂದು ವಾಸನೆ. ಹೋದ ತಿಂಗಳು ಚಾಮರಾಜನಗರದ ನಮ್ಮ ಕಚೇರಿಯ ಅಂಗಳದಲ್ಲಿ ಅಂಗವಿಕಲರಿಗೆ ಸಲಕರಣೆ ಹಂಚುವ ಶಿಬಿರವಿತ್ತು. ನಾನು ಅಲ್ಲಿ ಗುಮಾಸ್ತ. ಶಾಮಿಯಾನ ಯಾರ ತಲೆ ಮೇಲೆ ಬೀಳುತ್ತದೋ ಎಂದು ಬೆಳಗಿನಿಂದ ಒಂದೊಂದೇ ಕಂಬ ಅಲ್ಲಾಡಿಸಿ ನೋಡುತ್ತಿದ್ದೆ. ಆಗ ಉಡಿಗಾಲದ ಕಡೆಯ ವಯಸ್ಸಾದವರೊಬ್ಬರು ಕಾಲಿಗೆ ಹೊಸ ಪ್ಲಾಸ್ಟಿಕ್ ಸಾಧನ ಕಟ್ಟಿಸಿಕೊಂಡು ಬಂದು, ಹಳೆಯದನ್ನು ನನ್ನ ಮೇಜಿನ ಮೇಲಿಟ್ಟರು. ಎರಡು ಕಬ್ಬಿಣದ ಪಟ್ಟಿ, ತೊಡೆಗೊಂದು ಮಂಡಿಗೊಂದು ಚರ್ಮದ ಬೆಲ್ಟು, ಕೆಳಗೆ ಮೊಳೆ ಹೊಡೆದ ಕಪ್ಪು ಬೂಟು.

“ಇದ್ನೇನ್ ಮಾಡನ ಸಾ? ಎಸ್ಯಕ್ಕೆ ಮನ್ಸು ಬರಲ್ಲ.”

ಅಷ್ಟರಲ್ಲಿ ವಾಸನೆ ಬಂದಿತ್ತು. ಹರಳೆಣ್ಣೆ, ಬೆವರು, ಹಳೆಯ ಚರ್ಮ... ಅದರ ಹಿಂದೆಯೇ, ಅಲ್ಲಿ ಇಲ್ಲದಿದ್ದರೂ, ಟೈಪ್‌ರೈಟರ್ ರಿಬ್ಬನ್ನಿನ ಮಸಿ ಮತ್ತು ರಾಗಿ ಹಿಟ್ಟು.

ಮೇಡಂ ಎಂದರೆ ನಮ್ಮ ಟೈಪಿಂಗ್ ಮೇಡಂ. ಆಗಷ್ಟೇ ಚಾಮರಾಜನಗರ ಬೇರೆ ಜಿಲ್ಲೆಯಾಗಿತ್ತು. ಜಿಲ್ಲೆ ಎಂದ ಮೇಲೆ ಕಚೇರಿಗಳು ಬರುತ್ತವೆ, ಕಚೇರಿ ಎಂದ ಮೇಲೆ ಟೈಪಿಸ್ಟುಗಳು ಬೇಕು ಎಂಬ ಲೆಕ್ಕಾಚಾರದಲ್ಲಿ ಗುಂಡ್ಲುಪೇಟೆಯ ಅರ್ಧದಷ್ಟು ನಿರುದ್ಯೋಗಿಗಳು ಅವರ ಇನ್‌ಸ್ಟಿಟ್ಯೂಟಿಗೆ ಸೇರಿದ್ದರು. ಉಳಿದರ್ಧ, ಕಂಪ್ಯೂಟರ್ ಬಂದುಬಿಡುತ್ತದೆ ಎಂಬ ಗಾಬರಿಯಲ್ಲಿ ಮನೆಯಲ್ಲೇ ಕೂತಿದ್ದರು. ನಾನು ಎರಡೂ ಪಂಗಡಕ್ಕೆ ಸೇರಿದವನು. ಗಾಬರಿಯಾಗಿಯೇ ಸೇರಿದ್ದೆ.

ಇನ್‌ಸ್ಟಿಟ್ಯೂಟು ಹಿಟ್ಟಿನ ಗಿರಣಿಯ ಹಿಂಬದಿಯ ಕೋಣೆಯಲ್ಲಿತ್ತು. ಪೇಟೆಬೀದಿಯಲ್ಲಿ ಒಳ್ಳೆಯ ಗಾಳಿ ಬೆಳಕಿನ ಮಹಡಿಯೇ ಸಿಗುತ್ತಿತ್ತಂತೆ, ಆದರೆ ಮಹಡಿಗೆ ಮೆಟ್ಟಿಲು. ಮೇಡಂ ಅವರಿಗೆ ಎಳವೆಯಲ್ಲೇ ಪೋಲಿಯೋ ಆಗಿ ಎರಡೂ ಕಾಲು ಹೋಗಿದ್ದವು. ಸೊಂಟದಿಂದ ಕೆಳಗೆ ಕಬ್ಬಿಣ ಕಟ್ಟಿಕೊಂಡು, ಮಂಡಿಯ ಬೀಗ ಹಾಕಿಕೊಂಡು, ಎಡಗಂಕುಳಲ್ಲಿ ಒಂದು ಊರುಗೋಲು ಇಟ್ಟುಕೊಂಡರೆ ಸಮನೆಲದಲ್ಲಿ ಯಾರ ಹಂಗೂ ಇಲ್ಲದೆ ನಡೆಯುತ್ತಿದ್ದರು. ಹಾಗಾಗಿ ಗಿರಣಿಯ ಹಿಂದಿನ ಕತ್ತಲ ಕೋಣೆ. ಬೆಳಿಗ್ಗೆ ಹೋದರೆ ಮಿಷನ್ನುಗಳ ಮೇಲೆಲ್ಲ ತೆಳುವಾಗಿ ಹಿಟ್ಟು ಕೂತಿರುತ್ತಿತ್ತು. ಅದನ್ನು ಒರೆಸಿ, ಕೀಲುಗಳಿಗೆ ಎಣ್ಣೆ ಬಿಟ್ಟು, ಹಾಗೇ ಬಗ್ಗಿ ತಮ್ಮ ಮಂಡಿಯ ಕೀಲಿಗೂ ಎರಡು ತೊಟ್ಟು ಬಿಟ್ಟುಕೊಳ್ಳುತ್ತಿದ್ದರು. ಚರ್ಮಕ್ಕೆ ಮಾತ್ರ ಹರಳೆಣ್ಣೆ.

ನನ್ನ ಸ್ವಭಾವ ಅವರಿಗೆ ದೊಡ್ಡ ತಮಾಷೆಯಾಗಿತ್ತು. ನಾನು ತಪ್ಪಾದೀತೆಂಬ ಭಯಕ್ಕೆ ಕೀ ಮೇಲೆ ಬೆರಳಿಟ್ಟು ಯೋಚಿಸುತ್ತಾ ಕೂತರೆ, ಕೋಣೆಯ ಆ ತುದಿಯಿಂದಲೇ ಕೂಗುತ್ತಿದ್ದರು: “ಒತ್ತಪ್ಪ, ಅದೇನ್ ಕಚ್ಚಲ್ಲ. ಮಿಷನ್ನಿಗೆ ಕ್ಷಮೆ ಕೇಳ್ಕಂಡು ಟೈಪ್ ಮಾಡೋನು ನೀನೊಬ್ನೇ ಕಣೋ.”

ಅವರ ಊರು ಭೀಮನಬೀಡು. ಹೊಲ ಗದ್ದೆ ಅರಿಶಿನ ಎಂದು ಅನುಕೂಲವಾಗಿದ್ದ ಲಿಂಗಾಯತರ ಮನೆ. ಅಣ್ಣಂದಿರು ಊರಲ್ಲಿದ್ದರು. ಮೇಡಂ ಮಾತ್ರ ಗುಂಡ್ಲುಪೇಟೆಯಲ್ಲಿ ಸಣ್ಣ ಬಾಡಿಗೆ ಮನೆ ಮಾಡಿದ್ದರು. ಜೊತೆಗೆ ಅವ್ವ. ಅವ್ವ ಎಂದರೆ ಮೇಡಂ ಅವರ ತಾಯಿ, ಆದರೆ ನಮ್ಮೆಲ್ಲರಿಗೂ ಅವ್ವನೇ. ಹಣೆ ತುಂಬ ವಿಭೂತಿ, ಕೊರಳಲ್ಲಿ ಬೆಳ್ಳಿ ಕರಡಿಗೆಯೊಳಗೆ ಲಿಂಗ, ಬರಿಗಾಲು. ಮಗಳ ಕೊರಳಲ್ಲೂ ಅಂಥದ್ದೇ ಸಣ್ಣ ಕರಡಿಗೆ. ಬೆಳಿಗ್ಗೆ ಸ್ನಾನ ಮಾಡಿ, ಕಬ್ಬಿಣ ಚರ್ಮ ಯಾವುದೂ ಮೈಮೇಲಿಲ್ಲದೆ ನೆಲದ ಮೇಲೆ ಕೂತು ತಾಯಿ ಮಗಳು ಲಿಂಗಪೂಜೆ ಮಾಡಿಕೊಳ್ಳುತ್ತಿದ್ದರು. ಪೂಜೆ ಮುಗಿದ ಮೇಲೆ ಮೇಡಂ ಬೂಟು ಕಟ್ಟಿಕೊಂಡು ಏಳುತ್ತಿದ್ದರು. ಅಲ್ಲಿಂದ ರಾತ್ರಿಯವರೆಗೆ ಕೊರಳಲ್ಲಿ ಶಿವ, ಕಾಲಲ್ಲಿ ಚರ್ಮ. ಒಂದೇ ಮೈಮೇಲೆ ಇಬ್ಬರೂ ಹೊಂದಿಕೊಂಡಿದ್ದರು.

ಹೊಂದಿಕೆಯಾಗದಿದ್ದದ್ದು ದೇವಸ್ಥಾನಗಳಲ್ಲಿ. ಪರೀಕ್ಷೆ ಮುಗಿದ ಮೇಲೆ ಪ್ರತಿ ವರ್ಷ ಇನ್‌ಸ್ಟಿಟ್ಯೂಟಿನವರು ಎಲ್ಲಿಗಾದರೂ ಹೋಗುವುದು ವಾಡಿಕೆ. ಎಲ್ಲಿಗಾದರೂ ಎಂದರೆ ನಮ್ಮ ಕಡೆ ದೇವಸ್ಥಾನಕ್ಕೆ, ಇನ್ನೆಲ್ಲಿಗೆ? ಹಿಂದಿನ ವರ್ಷ ಹಿಮವದ್ ಗೋಪಾಲಸ್ವಾಮಿ ಬೆಟ್ಟಕ್ಕೆ ಹೋಗಿದ್ದೆವು. ಮಂಜು ಎಂದರೆ ಮಂಜು, ಎದುರಿಗಿದ್ದವರ ಮುಖ ಕಾಣದು. ಮೇಡಂ ಮೆಟ್ಟಿಲ ಬುಡದವರೆಗೆ ಬಂದರು. ಅಲ್ಲಿ ನಿಂತರು. ಮೆಟ್ಟಿಲನ್ನಾದರೂ ಹುಡುಗರು ಹಿಡಿದು ಹತ್ತಿಸಿಯಾರು, ಬೂಟನ್ನು ಏನು ಮಾಡುವುದು? ಬಿಚ್ಚಿದರೆ ನಿಲ್ಲಲಾಗದು, ಹಾಕಿಕೊಂಡರೆ ಒಳಗೆ ಹೋಗಲಾಗದು. ಯಾರೂ ಬೇಡ ಎನ್ನಲಿಲ್ಲ. ಅವರೂ ಕೇಳಲಿಲ್ಲ. “ಚಪ್ಪಲಿ ಇಲ್ಲಿ ಬುಟ್ಟೋಗಿ, ನಾನಿದೀನಲ್ಲ” ಎಂದರು. ನಾವು ಬಿಟ್ಟು ಹೋದೆವು. ದರ್ಶನ ಮುಗಿಸಿ ಇಳಿದು ಬಂದಾಗ, ಮಂಜಿನಲ್ಲಿ ಮೊದಲು ಕಂಡದ್ದು ನಮ್ಮ ಚಪ್ಪಲಿಗಳು, ಆಮೇಲೆ ಮೇಡಂ. ಆ ಚಪ್ಪಲಿಗಳನ್ನು ಅವರು ಜೋಡಿ ಜೋಡಿಯಾಗಿ ಹೊಂದಿಸಿಟ್ಟಿದ್ದರು, ಊರುಗೋಲಿನ ತುದಿಯಿಂದ.

ಈ ವರ್ಷ ಪರೀಕ್ಷೆ ಮುಗಿದ ದಿನ ಯಾರೋ “ಮೇಡಂ, ಈ ಸಲ ಯಾವ ದೇವರು?” ಎಂದು ಕೇಳಿದ್ದೇ ತಡ, ಅವರು ಮೇಜಿನ ಖಾನೆಯಿಂದ ಬಣ್ಣದ ಕರಪತ್ರವೊಂದನ್ನು ತೆಗೆದರು. ಮೈಸೂರಿನಾಚೆ ಹೊಸದಾಗಿ ತೆರೆದಿದ್ದ ಆಟದ ಪಾರ್ಕಿನದು. ನೀರಿನ ಜಾರುಬಂಡೆ, ಪುಟಾಣಿ ರೈಲು, ಎಲ್ಲಕ್ಕಿಂತ ಎತ್ತರದಲ್ಲಿ ಒಂದು ದೊಡ್ಡ ಚಕ್ರ.

“ಈ ಸಲ ದೇವರಿಲ್ಲದ ಜಾಗಕ್ಕೆ ಹೋಗನ ಕಣ್ರಪ್ಪ” ಎಂದರು.

ಹುಡುಗರು ಶಿಳ್ಳೆ ಹಾಕಿದರು. ನಾನು ಮಾತ್ರ, ನೀವು ಊಹಿಸಿದಂತೆ, ಕೈ ಎತ್ತಿದೆ. ಚಕ್ರದಲ್ಲಿ ಕಾಲಿಗೆ ಆಸರೆ ಇರುವುದಿಲ್ಲವಲ್ಲ ಮೇಡಂ, ನಿಮಗೆ... ಎಂದು ತೊದಲಿದೆ.

“ಅದಕ್ಕೇ ಕಣೋ ನಾನು ಹತ್ಬೇಕು ಅಂತಿರೋದು. ಈ ಚಿತ್ರ ನೋಡು. ಎಲ್ರೂ ಕಾಲು ನೇತಾಡಿಸ್ಕಂಡೇ ಕೂತವ್ರೆ. ಅಲ್ಲಿ ಯಾರ ಕಾಲು ಕೆಲಸ ಮಾಡ್ತದೆ, ಯಾರದು ಮಾಡಲ್ಲ ಅಂತ ಯಾರಿಗೆ ಗೊತ್ತಾಯ್ತದೆ?” ಕರಪತ್ರವನ್ನು ಮಡಿಸುತ್ತಾ ಅವರು ಇನ್ನೊಂದು ಮಾತು ಸೇರಿಸಿದರು: “ಆದ್ರೆ ಒಂದು. ಯಾರೂ ನನ್ನ ಎತ್ಕಂಡು ಹೋಗೋ ಹಂಗಿಲ್ಲ. ಚಿಕ್ಕಂದಿನಲ್ಲಿ ಎಲ್ಲಾ ಜಾತ್ರೇನೂ ನಮ್ಮ ಸೋದರಮಾವನ ಬೆನ್ನಿನ ಮೇಲಿಂದಾನೇ ನೋಡಿರೋದು. ಈ ಸಲ ನನ್ ಕಾಲಲ್ಲೇ ಹೋಗ್ತೀನಿ, ಕಬ್ಬಿಣದ್ದಾದ್ರೂ ನಂದೇ ತಾನೆ.”

ಅವ್ವನಿಗೆ ವಿಷಯ ತಿಳಿದು ದಿಗಿಲಾಯಿತು. “ದೇವ್ರಿಲ್ದಿರೋ ಜಾಗ ಅಂತ ಒಂದಿರ್ತದಾ ಕೂಸೇ? ಅಂಥ ಕಡೀಕೆ ಮನುಸ್ರು ಓಯ್ತಾರಾ?” ಎಂದು ವಾದಿಸಿ, ಕೊನೆಗೆ ಅಂಥ ಕಡೆಗೆ ಮಗಳೊಬ್ಬಳನ್ನೇ ಕಳಿಸುವುದು ಹೇಗೆಂದು ತಾವೂ ಹೊರಟರು. ಟಾರು, ಸಿಮೆಂಟು ಸುಡುತ್ತದೆಂದು ಮೇಡಂ ಅವ್ವನಿಗೆ ನೀಲಿ ಪಟ್ಟಿಯ ಹವಾಯಿ ಚಪ್ಪಲಿ ತಂದುಕೊಟ್ಟರು. ಅವ್ವನ ಜೀವಮಾನದ ಮೊದಲ ಚಪ್ಪಲಿ ಅದು.

ವ್ಯವಸ್ಥೆಯ ಹೊಣೆಯನ್ನು ನನಗೆ ವಹಿಸಿದರು. ಚಿಂತೆ ಮಾಡುವವನಿಗೆ ಕೆಲಸ ಕೊಟ್ಟರೆ ಒಳ್ಳೆಯದೆಂದು ಮೇಡಂ ಅವರ ಅಭಿಪ್ರಾಯ. ನಾನು ಎಸ್‌ಟಿಡಿ ಬೂತಿನಿಂದ ಪಾರ್ಕಿಗೆ ಫೋನು ಮಾಡಿದೆ. ಒಂದಲ್ಲ, ಹಲವು ಸಲ. ಆ ಕಡೆಯಲ್ಲಿದ್ದಾತ ಮೊದಮೊದಲು “ಹೇಳಿ ಸರ್” ಎನ್ನುತ್ತಿದ್ದವನು ಕೊನೆಕೊನೆಗೆ “ಗುಂಡ್ಲುಪೇಟೆಯವರಾ?” ಎಂದು ನಿಟ್ಟುಸಿರು ಬಿಡುತ್ತಿದ್ದ. ಆದರೂ ಉತ್ತರ ಕೊಟ್ಟ, ಪಾಪ. ಮೆಟ್ಟಿಲಿದೆಯೇ? ಚಕ್ರಕ್ಕೆ ಹೋಗಲು ಎರಡು ದಾರಿ, ಒಂದು ಸೇತುವೆಯ ಮೇಲಿಂದ, ಅದಕ್ಕೆ ಮೆಟ್ಟಿಲುಂಟು. ಇನ್ನೊಂದು ಗುಹೆಯೊಳಗಿಂದ, ಅಲ್ಲಿ ಒಂದೂ ಮೆಟ್ಟಿಲಿಲ್ಲ, ಮಕ್ಕಳ ಗಾಡಿ ತಳ್ಳಿಕೊಂಡು ಹೋಗಲೆಂದು ಇಳಿಜಾರು ಮಾಡಿದ್ದೇವೆ. ಜಾರುತ್ತದೆಯೇ? ಗೀರು ಹಾಕಿದ ಸಿಮೆಂಟು. ಅಗಲ? ಇಬ್ಬರು ಜೋಡಿಯಾಗಿ ನಡೆಯಬಹುದು. ಚಕ್ರ ಹತ್ತುವಾಗ ನಿಲ್ಲಿಸುತ್ತೀರಾ? ನಿಲ್ಲಿಸುತ್ತೇವೆ. ಸರಿಯಾಗಿ ಕೂತ ಮೇಲೇ ತಿರುಗಿಸುತ್ತೀರಾ? “ಸಾರ್, ನೀವು ಬಂದು ಕೈ ತೋರಿಸಿದ ಮೇಲೇ ತಿರುಗಿಸ್ತೀವಿ, ಆಯ್ತಾ?”

ಹೇಳಬೇಕೆಂದರೆ ಅವನು ಹೇಳಿದ್ದು ಎಲ್ಲವೂ ನಿಜವಾಗಿತ್ತು. ಆ ಕಾಲಕ್ಕೆ ಅಂಥದ್ದೊಂದು ಇಳಿಜಾರು ನಮ್ಮ ತಾಲ್ಲೂಕು ಕಚೇರಿಯಲ್ಲೂ ಇರಲಿಲ್ಲ, ಆಸ್ಪತ್ರೆಯಲ್ಲೂ ಇರಲಿಲ್ಲ.

ಹೊರಟ ದಿನ ಮೇಡಂ ಸಾಸಿವೆ ಬಣ್ಣದ ಹೊಸ ಸೀರೆ ಉಟ್ಟಿದ್ದರು, ಮುಡಿಯಲ್ಲಿ ಕನಕಾಂಬರ. ಬಸ್ಸಿನಲ್ಲಿ ಹುಡುಗಿಯರ ಜೊತೆ ಅಂತ್ಯಾಕ್ಷರಿ ಆಡಿದರು. ಅವ್ವ ಮಾತ್ರ ದಾರಿಯುದ್ದಕ್ಕೂ ಚಪ್ಪಲಿಯನ್ನು ಬೈಯುತ್ತಿದ್ದರು. “ಬೆರಳ್ ಸಂದೀಲಿ ಇದೇನೋ ಕಚ್ತದೆ ಕಣ್ಲಾ ಮಗ, ಇಲಿ ಕಡ್ದಂಗೆ.” ಬಿಟ್ಟುಬಿಡಿ ಎಂದರೆ, “ಮಗ್ಳು ತಂದುಕೊಟ್ಟವ್ಳೆ” ಎಂದು ಮತ್ತೆ ಸಿಕ್ಕಿಸಿಕೊಳ್ಳುತ್ತಿದ್ದರು.

ಪಾರ್ಕಿನ ಬಾಗಿಲು ತೆರೆದ ಹೊತ್ತಿಗೇ ನಾವು ತಲುಪಿದೆವು. ಜನ ಇನ್ನೂ ಬಂದಿರಲಿಲ್ಲ. ನೆಲವೆಲ್ಲ ಚಪ್ಪಟೆ. ಮೇಡಂ ಊರುಗೋಲು ಊರಿ, ಸೊಂಟ ತಿರುಗಿಸಿ, ಠಕ್ ಠಕ್ ಎಂದು ನಮ್ಮೆಲ್ಲರಿಗಿಂತ ಮುಂದೆ ಹೊರಟರು. ಅಷ್ಟು ಚುರುಕಾಗಿ ಅವರು ನಡೆದದ್ದನ್ನು ನಾನು ನೋಡಿರಲಿಲ್ಲ. ದೂರದಲ್ಲಿ ಚಕ್ರ ಖಾಲಿಯಾಗಿಯೇ ಒಂದು ಸುತ್ತು ಬಂದು ನಿಂತಿತು.

ಗುಹೆಯ ಬಾಯಿಗೆ ಬಂದೆವು. ಗುಹೆ ಎಂದರೆ ಪ್ಲಾಸ್ಟರಿನದು, ಕಲ್ಲಿನ ಹಾಗೆ ಬಣ್ಣ ಬಳಿದದ್ದು. ನೀಲಿ ಸಮವಸ್ತ್ರ, ಟೋಪಿ, ಸೀಟಿ ಎಲ್ಲ ಇದ್ದ ಕಾವಲಿನವನೊಬ್ಬ ನಿಂತಿದ್ದ. ಮೇಡಂ ಅವರನ್ನು ನೋಡಿ ಅವನೇ “ಬನ್ನಿ ಮೇಡಂ ಬನ್ನಿ, ಈ ಕಡೆ ಸ್ಲೋಪ್ ಇದೆ” ಎಂದ. ಒಳಗೆ ಬಲಗಡೆಗೆ ಹಸಿರು ಬಲ್ಬಿನ ಬೆಳಕಿನಲ್ಲಿ ಒಂದು ಆಳೆತ್ತರದ ಕರಿ ಲಿಂಗ. ಸಿಮೆಂಟಿನದು. ಮೇಲಿನಿಂದ ಕೊಳವೆಯ ನೀರು ಅದರ ನೆತ್ತಿಗೆ ಬೀಳುತ್ತಿತ್ತು. ಹಿಮಾಲಯದ ಗುಹೆ ಎಂಬ ಕಲ್ಪನೆಯಂತೆ. ಲಿಂಗದ ಎದುರು ಬಸವ ಇರಬೇಕಾದ ಜಾಗದಲ್ಲಿ ಒಂದು ಡೈನೋಸಾರ್ ಕೂತಿತ್ತು. ಮುಂದಿನ ಗುಹೆಗೆಂದು ತಂದದ್ದನ್ನು ಅಲ್ಲಿ ಇಳಿಸಿದ್ದರೋ ಏನೋ.

ಅವ್ವ ಗುಹೆಯ ಬಾಯಲ್ಲಿ ನಿಂತರು. ಕಾಲು ಕೊಡವಿದರು. ಚಪ್ಪಲಿ ಒಂದೊಂದು ದಿಕ್ಕಿಗೆ ಬಿತ್ತು.

ಆಮೇಲೆ ಎಷ್ಟೋ ಸಲ ನಾನು ಯೋಚಿಸಿದ್ದೇನೆ. ಅವ್ವ ದೇವರನ್ನು ಕಂಡು ಚಪ್ಪಲಿ ಬಿಟ್ಟರೋ, ಅದು ಕಚ್ಚುತ್ತಿತ್ತೆಂದು ಬಿಟ್ಟರೋ... ಬಿಟ್ಟ ಮೇಲೆ ಲಿಂಗ ಕಂಡು ಕೈಮುಗಿದರೋ, ಮುಗಿಯುವುದಕ್ಕೆಂದೇ ಬಿಟ್ಟರೋ. ಹೇಗೇ ಇರಲಿ, ಬರಿಗಾಲಲ್ಲಿ ಕೈಮುಗಿದು ನಿಂತ ಅವ್ವನನ್ನು ಕಂಡದ್ದೇ ಹಿಂದಿದ್ದ ಹುಡುಗಿಯರು ಚಪ್ಪಲಿ ಬಿಟ್ಟರು. ಹುಡುಗರು ಬಿಟ್ಟರು. ನಾನೂ ಬಿಟ್ಟೆ. ಯಾರೂ ಯೋಚನೆ ಮಾಡಲಿಲ್ಲ, ಕೆಮ್ಮು ಬಂದಾಗ ಬಾಯಿಗೆ ಕೈ ಹೋದ ಹಾಗೆ. ನಮ್ಮ ಹಿಂದೆ ಮೈಸೂರಿನವರದೊಂದು ಸಂಸಾರ ಬಂತು. ಅವರೂ ಬಿಟ್ಟರು. ಆ ಮನೆಯ ಹೆಂಗಸು ಲಿಂಗದ ಪಾಣಿಪೀಠಕ್ಕೆ ನಾಣ್ಯ ಹಾಕಿ ಕೆನ್ನೆ ಬಡಿದುಕೊಂಡರು. ಒಬ್ಬ ಹುಡುಗ ಡೈನೋಸಾರಿಗೂ ನಮಸ್ಕಾರ ಮಾಡಿದ. ನೋಡುತ್ತಿದ್ದ ಹಾಗೇ ಗುಹೆಯ ಬಾಯಲ್ಲಿ ಚಪ್ಪಲಿಯ ರಾಶಿ ಬಿದ್ದು, ಅದು ದೇವಸ್ಥಾನವಾಗಿ ಹೋಯಿತು.

ರಾಶಿಯ ಈಚೆ ಮೇಡಂ ನಿಂತಿದ್ದರು. ಕಬ್ಬಿಣಕ್ಕೆ ಮೊಳೆ ಹೊಡೆದ ಬೂಟು, ಕಪ್ಪಗೆ, ಹರಳೆಣ್ಣೆ ಹಚ್ಚಿ ಮಿರುಗುತ್ತಿತ್ತು. ಅವರು ಒಂದು ಹೆಜ್ಜೆ ಮುಂದಿಟ್ಟರು.

“ಏನ್ರೀ ಇದು, ಎಲ್ರೂ ಬಿಟ್ಟವ್ರೆ, ಅವ್ರು ಬೂಟು ಹಾಕ್ಕಂಡು ಹೋಗ್ತಾವ್ರಲ್ಲ” ಎಂದು ಮೈಸೂರಿನ ಸಂಸಾರದ ಯಜಮಾನ ಕಾವಲಿನವನನ್ನು ಕೇಳಿದರು.

ಕಾವಲಿನವನು ಟೋಪಿ ಸರಿಮಾಡಿಕೊಂಡ. ಒಂದು ಗಳಿಗೆಯ ಹಿಂದೆ ಬನ್ನಿ ಬನ್ನಿ ಎಂದಿದ್ದವನು. “ಮೇಡಂ... ನಮ್ದೇನೂ ರೂಲ್ಸ್ ಇಲ್ಲ. ಜನ ಮಾತಾಡ್ತಾರೆ ನೋಡಿ... ಬೂಟೊಂದು...” ಎಂದ.

“ಅದು ಸಿಮೆಂಟು ಕಣಪ್ಪ” ಎಂದರು ಮೇಡಂ.

“ಸಿಮೆಂಟೇ ಮೇಡಂ. ನಾನೇ ನಿಂತ್ಕಂಡು ಬಣ್ಣ ಹೊಡಿಸಿದ್ದು. ಆದ್ರೂವೆ...”

ಮೇಡಂ ತಾಯಿಯ ಕಡೆ ತಿರುಗಿದರು. “ನೋಡವ್ವ, ನನ್ ಕೊರಳಲ್ಲಿರೋನು ಬೆಳಗಿಂದ ರಾತ್ರಿವರೆಗೂ ಈ ಬೂಟಿನ ಜೊತೇಲೇ ಇರ್ತಾನೆ. ಅಂವ ಒಂದಿನಾನೂ ಬ್ಯಾಡ ಅಂದಿಲ್ಲ. ಪೈಪಿನ ನೀರು ಕುಡಿಯೋ ಈ ದೇವರು ಅಂತಾನಾ?”

ಅವ್ವ ಕೈಮುಗಿದುಕೊಂಡೇ ಇದ್ದರು. “ಅಂವ ಮನೆಯೋನು ಕಣವ್ವ, ತಡ್ಕತಾನೆ. ಇಂವ ಊರೋನು. ನಾಕ್ ಜನ ನೋಡ್ತಾರೆ.”

ನಮ್ಮ ಜೊತೆಯ, ಹಂಗಳ ಊರಿನ ಹುಡುಗನೊಬ್ಬ ತೋಳು ಮಡಿಸುತ್ತಾ ಬಂದ, “ಮೇಡಂ, ಎತ್ಕಂಡು ಆ ಕಡೆ ಇಳಿಸ್ಬುಡ್ತೀವಿ.” ಮೇಡಂ ಅವನನ್ನು ನೋಡಿದ ನೋಟಕ್ಕೆ ಅವನು ಮತ್ತೆ ತೋಳು ಇಳಿಸಿಕೊಂಡ. ಬೇಗೂರಿನ ಹುಡುಗಿಯೊಬ್ಬಳು, ಬೂಟಿಗೆ ಪ್ಲಾಸ್ಟಿಕ್ ಕವರು ಕಟ್ಟೋಣ ಎಂದಳು. ಕಾವಲಿನವನಿಗೂ ಅದು ಸರಿ ಕಂಡಿತು. ಅವ್ವ ಬೇಡವೆಂದು ತಲೆಯಾಡಿಸಿದರು. ಕವರಿನೊಳಗೆ ಇರುವುದು ಚರ್ಮವೇ ಅಲ್ಲವೇ? ನಾನು ಸೇತುವೆಯ ಮೆಟ್ಟಿಲ ಕಡೆಗೆ ಓಡಿ ನೋಡಿ ಬಂದೆ. ಕಡಿದಾಗಿ, ಒದ್ದೆಯಾಗಿ, ಹಿಡಿದುಕೊಳ್ಳಲು ಕಂಬಿಯಿಲ್ಲದೆ ಇದ್ದವು. ನನ್ನಂಥವನು ಎರಡು ಕಾಲಿದ್ದೂ ಹತ್ತಲು ಹೆದರುವಂಥವು.

ಆಗ ಅವ್ವ ಹೇಳಿದರು. ಅವರ ದನಿಯಲ್ಲಿ ಅಕ್ಕರೆಯಲ್ಲದೆ ಬೇರೇನೂ ಇರಲಿಲ್ಲ.

“ಬೂಟ್ ಬಿಚ್ಬುಡು ಕೂಸೇ. ಕುಂತ್ಕಂಡೇ ಬಾ. ಮನೇಲಿ ಬರಲ್ವಾ, ಕೈ ಊರ್ಕಂಡು, ತೆವಳ್ಕಂಡು... ಅಂಗೇ ಬಾ. ದೇವ್ರ ಮುಂದೆ ಯಾತರ ನಾಚ್ಕೆ?”

ಮೇಡಂ ಮನೆಯಲ್ಲಿ ಹೇಗೆ ಓಡಾಡುತ್ತಾರೆಂದು ನಾವು ಯಾರೂ ಅಲ್ಲಿಯವರೆಗೆ ಯೋಚಿಸಿರಲಿಲ್ಲ. ಈಗ ಎಲ್ಲರಿಗೂ ಗೊತ್ತಾಯಿತು. ಅವರ ಹತ್ತಿರ ಟೈಪು ಕಲಿತವರೆಲ್ಲ ಒಟ್ಟಿಗೇ ಡೈನೋಸಾರನ್ನು ಬಹಳ ಆಸಕ್ತಿಯಿಂದ ನೋಡತೊಡಗಿದೆವು.

ಮೇಡಂ ಊರುಗೋಲನ್ನು ಹಿಂದಕ್ಕೆ ಊರಿ, ಒಂದೊಂದೇ ಕಾಲನ್ನು ಎಳೆದು ತಿರುಗಿದರು. ಹೊರಗೆ ಸಿಮೆಂಟಿನ ಬೆಂಚೊಂದಿತ್ತು. ಅಲ್ಲಿ ಕೂತು, ಮಂಡಿಯ ಬೀಗ ತೆಗೆದು ಕಾಲು ಮಡಿಸಿಕೊಂಡರು.

“ಹೊರಡಿ ಹೊರಡಿ, ಲೇಟಾಯ್ತದೆ. ಚಪ್ಪಲಿ ನಾನು ನೋಡ್ಕತೀನಿ.”

ನಾವು ಹೋದೆವು. ಹೋಗದೆ ಇರಬಹುದಿತ್ತಲ್ಲ ಎಂದು ನಿಮಗೆ ಅನ್ನಿಸಬಹುದು. ಹೋಗದಿದ್ದರೆ ಅವರು ಬೈಯುತ್ತಿದ್ದರು, ನಿಜವಾಗಿಯೂ ಬೈದರು. ಫೋನಿನಲ್ಲಿ ಮಾತು ಕೊಟ್ಟಿದ್ದ ಹಾಗೇ ಚಕ್ರದ ಹುಡುಗ ಎಲ್ಲರೂ ಸರಿಯಾಗಿ ಕೂತ ಮೇಲೇ ತಿರುಗಿಸಿದ. ಕರೆಂಟು ಹೋಗಲಿಲ್ಲ. ತುದಿಗೆ ಹೋದಾಗ ನಾನು ಕಣ್ಣು ಮುಚ್ಚಿಕೊಂಡಿದ್ದೆ, ಒಂದೇ ಸಲ ತೆರೆದೆ. ಕೆಳಗೆ ಬೆಂಚಿನ ಮೇಲೆ ಸಾಸಿವೆ ಬಣ್ಣದ ಚುಕ್ಕಿ. ಅದರ ಕಡೆಗೆ ಬಿಳಿ ತಲೆಯದೊಂದು ಚುಕ್ಕಿ ನಿಧಾನವಾಗಿ ಬರುತ್ತಿತ್ತು. ಬೊಗಸೆಯಲ್ಲಿ ಏನನ್ನೋ ಹಿಡಿದಿರುವ ಹಾಗೆ ಎರಡು ಕೈ ಮುಂದೆ ಮಾಡಿಕೊಂಡು. ಲಿಂಗದ ನೆತ್ತಿಯ ನೀರನ್ನು ಅವ್ವ ತೀರ್ಥವೆಂದು ಮಗಳಿಗೆ ತರುತ್ತಿದ್ದರಂತೆ. ತಲುಪುವ ಹೊತ್ತಿಗೆ ಕೈಯಲ್ಲಿ ಬರೀ ಒದ್ದೆ ಉಳಿದಿತ್ತಂತೆ. ಅದನ್ನೇ ಮಗಳ ತಲೆಗೆ ಸವರಿದರಂತೆ. ಇದನ್ನು ಹೇಳಿದವಳು ಬೇಗೂರಿನ ಹುಡುಗಿ. ಅವಳೊಬ್ಬಳು ಚಕ್ರ ಹತ್ತದೆ ವಾಪಸು ಬಂದಿದ್ದಳು.

ಹಿಂತಿರುಗುವಾಗ ಬಸ್ಸಿನಲ್ಲಿ ಹಾಡಿರಲಿಲ್ಲ. ನಂಜನಗೂಡು ದಾಟಿದ ಮೇಲೆ ಮೇಡಂ ನನ್ನನ್ನು ಪಕ್ಕಕ್ಕೆ ಕರೆದರು.

“ಹೆಂಗಿತ್ತೋ ಚಕ್ರ?”

ಅವರಿಗೆ ಸಮಾಧಾನವಾಗಲೆಂದು ನಾನು ಮುಖ ಸಿಂಡರಿಸಿದೆ. “ಏನೂ ಚೆನ್ನಾಗಿರಲಿಲ್ಲ ಮೇಡಂ. ಬರೀ ಭಯ. ಜೀವ ಬಾಯಿಗೆ ಬಂದಿತ್ತು.”

ಅವರು ಕಿಟಕಿಯ ಕಡೆ ತಿರುಗಿಕೊಂಡೇ ಹೇಳಿದರು: “ಭಯ ಬೀಳೋದಕ್ಕೂ ಒಳಗೆ ಬಿಡ್ಬೇಕು ಕಣಪ್ಪ.”

ಅವ್ವ ಹಿಂದಿನ ಸೀಟಿನಲ್ಲಿ ಬಾಯಿ ತೆರೆದು ನಿದ್ದೆ ಮಾಡುತ್ತಿದ್ದರು. ಹವಾಯಿ ಚಪ್ಪಲಿ ಕಾಲಲ್ಲಿರಲಿಲ್ಲ, ಮಡಿಲಲ್ಲಿತ್ತು.

ಮರುವರ್ಷ ಎಲ್ಲಿಗೂ ಹೋಗುವ ಮಾತು ಬರಲಿಲ್ಲ. ಅದರ ಮರುವರ್ಷ ಕೇಳಲು ಹುಡುಗರೇ ಇರಲಿಲ್ಲ. ನಮ್ಮನ್ನು ಗಾಬರಿಪಡಿಸುತ್ತಿದ್ದ ಕಂಪ್ಯೂಟರ್ ಕೊನೆಗೂ ಗುಂಡ್ಲುಪೇಟೆಗೆ ಬಂದು, ಪೇಟೆಬೀದಿಯ ಮಹಡಿಯೊಂದರಲ್ಲಿ ಕೂತಿತು. ಮೇಡಂ ಅದನ್ನು ಕಲಿಯಬೇಕೆಂದಿದ್ದರು. ಆದರೆ ಅದು ಮಹಡಿ. ಮಿಷನ್ನುಗಳು ಒಂದೊಂದಾಗಿ ಗುಜರಿಗೆ ಹೋದವು. ತಾಯಿ ಮಗಳು ಭೀಮನಬೀಡಿಗೆ ಮರಳಿದರು. ನನಗೆ ಚಾಮರಾಜನಗರದಲ್ಲಿ ಕೆಲಸ ಸಿಕ್ಕಿದಾಗ ತಿಳಿಸಬೇಕೆಂದುಕೊಂಡೆ, ಹೋಗಲು ಆಗಲಿಲ್ಲ... ಬಸ್ಸಿತ್ತು, ರಸ್ತೆಯಿತ್ತು. ಆಗಲಿಲ್ಲ ಎಂದಷ್ಟೇ ಹೇಳಬಲ್ಲೆ.

ಹೋದದ್ದು ಮೇಡಂ ತೀರಿಕೊಂಡ ಸುದ್ದಿ ತಿಳಿದ ಮೇಲೆ, ಅದೂ ತಡವಾಗಿ. ಜ್ವರ ಎಂದರು, ಎದೆಯಲ್ಲಿ ಕಫ ಕಟ್ಟಿತ್ತೆಂದರು, ಮೈಸೂರಿಗೆ ಕರೆದುಕೊಂಡು ಹೋಗುವುದರೊಳಗೆ... ಅಣ್ಣಂದಿರು ಹೊಲಕ್ಕೆ ಹೋಗಿದ್ದರು. ಜಗಲಿಯಲ್ಲಿ ಅವ್ವ ಒಬ್ಬರೇ ಅರಿಶಿನದ ಗೆಡ್ಡೆಯ ಬೇರು ಚಿವುಟುತ್ತಾ ಕೂತಿದ್ದರು. ಕಣ್ಣು ಸರಿಯಾಗಿ ಕಾಣುತ್ತಿರಲಿಲ್ಲ. ನನ್ನ ದನಿಯಿಂದ ಗುರುತು ಹಿಡಿದರು. “ಎದ್ರುಪುಕ್ಲ ಅಲ್ವಾ ನೀನು? ಬಾ ಮಗ, ಕುಂತ್ಕ” ಎಂದರು. ನನ್ನ ಹೆಸರು ಅವರಿಗೆ ಎಂದೂ ನೆನಪಿರುತ್ತಿರಲಿಲ್ಲ. ಮಗಳು ಮನೆಯಲ್ಲಿ ನನ್ನನ್ನು ಹಾಗೆ ಕರೆಯುತ್ತಿದ್ದರೆಂದು ಅವತ್ತೇ ಗೊತ್ತಾದದ್ದು.

ಒಳಗಿನಿಂದ ಕಾಫಿ ಬಂತು. ಮಣ್ಣು ಮಾಡಿದ್ದು ಎಲ್ಲಿ, ಯಾವ ಸ್ವಾಮಿಗಳು ಬಂದಿದ್ದರು ಎಂದೆಲ್ಲ ಹೇಳಿದರು. ಲಿಂಗಾಯತರಲ್ಲಿ ಕೂರಿಸಿಯೇ ಮಣ್ಣು ಮಾಡುವುದು, ಕೈಯಲ್ಲಿ ಲಿಂಗ ಕೊಟ್ಟು. “ನೆಟ್ಗೆ ಕುಂತಿದ್ಳು ಕಣಪ್ಪ” ಎಂದು ಎರಡು ಸಲ ಹೇಳಿದರು. ಆಮೇಲೆ ಬೇರು ಚಿವುಟುವ ಕೈ ನಿಂತಿತು.

“ಒಂದ್ ಮಾತ್ ಕೇಳ್ತೀನಿ, ಓದ್ದೋನು ನೀನು. ಅವತ್ತು ಮೈಸೂರ್ ತಾವ ನೋಡುದ್ವಲ್ಲ ಆ ಲಿಂಗ... ಅದು ದೇವ್ರಾ?”

ನಾನು ಕಾಫಿ ಲೋಟ ಕೆಳಗಿಟ್ಟೆ. ಹೌದು ಎಂದರೆ, ಮಗಳನ್ನು ಹೊರಗೆ ಕೂರಿಸಿದವನು ದೇವರೇ ಎಂದಾಗುತ್ತದೆ. ಅಲ್ಲ ಎಂದರೆ, ಸಿಮೆಂಟಿಗಾಗಿ ಅವ್ವ ಮಗಳನ್ನು ತಡೆದರು ಎಂದಾಗುತ್ತದೆ. ಗೊತ್ತಿಲ್ಲ ಎಂದರೆ, ಅವ್ವ ಇನ್ನು ಮುಂದೆಯೂ ಒಬ್ಬರೇ ಕೂತು ಇದನ್ನೇ ಯೋಚಿಸಬೇಕಾಗುತ್ತದೆ. ಯಾವ ಮಾತು ಎಲ್ಲಿ ನೋಯಿಸೀತು ಎಂದು ನಾನು ನನ್ನ ಅಭ್ಯಾಸದಂತೆ ಒಂದೊಂದನ್ನೇ ಎತ್ತಿ ಇಳಿಸಿ ನೋಡುತ್ತಿದ್ದೆ. ನನ್ನ ಲೆಕ್ಕ ಮುಗಿಯುವುದನ್ನು ಅವ್ವ ಕಾಯಲಿಲ್ಲ.

“ಬುಡು” ಎಂದರು. “ಅದು ದೇವ್ರಾಗಿದ್ರೆ, ನನ್ ಮಗ್ಳು ಆಚೆ ಕುಂತಿದ್ದುದ್ನ ಅಂವ್ನೂ ನೋಡವ್ನೆ. ದೇವ್ರಲ್ದೆ ಇದ್ರೆ, ನೋಡಿದ್ದು ನಾನೊಬ್ಳೇಯ.”

ಮತ್ತೆ ಗೆಡ್ಡೆ ಕೈಗೆತ್ತಿಕೊಂಡರು.

ನಾವೂ ನೋಡಿದ್ದೆವು ಅವ್ವ ಎಂದು ಹೇಳಲು ಬಾಯಿ ಬರಲಿಲ್ಲ. ಅವ್ವನೂ ಹೋಗಿ ವರ್ಷಗಳಾದವು. ಅವತ್ತು ಬಸ್ಸಿನಲ್ಲಿದ್ದವರಲ್ಲಿ ಎಷ್ಟೋ ಜನ ಇಲ್ಲೇ, ಇದೇ ಜಿಲ್ಲೆಯ ಕಚೇರಿಗಳಲ್ಲಿ ಇದ್ದೇವೆ. ಹಂಗಳದ ಹುಡುಗ ನನ್ನ ಪಕ್ಕದ ಮೇಜಿನವನು. ಶಿಬಿರದ ದಿನ ಆ ಹಳೆಯ ಬೂಟು ನನ್ನ ಮುಂದಿದ್ದಾಗ ಅವನು ಬಂದು ಅದನ್ನು ನೋಡಿದ, ನನ್ನನ್ನು ನೋಡಿದ. ಶಾಮಿಯಾನದ ಕಂಬ ಗಟ್ಟಿಯಾಗಿದೆಯೇ ಎಂದು ಕೇಳಿದ. ಗಟ್ಟಿಯಾಗಿದೆ ಎಂದೆ.